ಗ್ರಾಮಸಭೆಯಾಗ ಸವಾಲ್-ಜವಾಬ್: ಹುಡುಗರ ಕೈಗೆ ಡಪ್ಪು ಕೊಟ್ಟು ನೋಡಿದ್ದು

ಊರ ಹುಡುಗರು ಗ್ರಾಮಸಭೆಯಾಗ ಪದ ಹಾಡಿದ್ರ ನಳಕ್ಕ ನೀರು ಬರತಾವೇನ್ರಿ ಅಂತ ನಕ್ಕವರು ಭಾಳ ಮಂದಿ, ಅದ್ರಾಗ ನಮ್ಮ ಜೊತಿ ಕವಿಗೋಷ್ಠಿ ಮಾಡೋ ದೋಸ್ತರೂ ಇದ್ರು. ಬಂದಾವ ನೋಡ್ರಿ, ಅದಕ್ಕ ಬರಿಯಾಕತ್ತೀನಿ.

ಮೊದಲ ಎಲ್ಲಾರೂ ಮಾಡೋದನ್ನ ನಾವೂ ಮಾಡಿದ್ವಿ. ಶಾಮಿಯಾನ, ಮೈಕು, ಯುವ ಕವಿಗೋಷ್ಠಿ. ಒಂದೊಂದಕ್ಕ ಹತ್ತು ಹನ್ನೆರಡು ಸಾವಿರ ಹೋಗತಿತ್ತು, ಅದ್ರಾಗ ಅರ್ಧ ಅತಿಥಿಗಳ ಶಾಲು, ಹಾರ, ಊಟಕ್ಕ. ಪಿಯುಸಿ ಹುಡುಗರು ಅವ್ವನ ಮ್ಯಾಲೆ, ಗೆಳತಿ ಮ್ಯಾಲೆ ಓದಿ ಸರ್ಟಿಫಿಕೇಟ್ ಹಿಡ್ಕೊಂಡು ಹೋಗವ್ರು. ಊರಿನ ಸಮಸ್ಯೆ ಬರೀರಪಾ ಅಂದ್ರ "ಭ್ರಷ್ಟಾಚಾರ ತೊಲಗಲಿ" ಅಂತ ನಾಲ್ಕ ಸಾಲು. ಅದಕ್ಕ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಸಾಹೇಬ್ರೇ ಮೊದಲ ಚಪ್ಪಾಳಿ ಹೊಡದ್ರು, ಅಲ್ಲಿಗೆ ತಿಳಕೋರಿ.

ದಾರಿ ಸಿಕ್ಕಿದ್ದು ಗೀಗೀ ಪದದಾಗ, ಅಂದ್ರ ಡಪ್ಪು ಬಾರಿಸಿ ಹಾಡೋ ನಮ್ಮ ಜಾನಪದ ಹಾಡಿನಾಗ. ಗಂಡು ಹೆಚ್ಚು ಅನ್ನೋ ಹರದೇಶಿ, ಹೆಣ್ಣು ಹೆಚ್ಚು ಅನ್ನೋ ನಾಗೇಶಿ, ಈ ಎರಡ ಮೇಳದ ವಾದ ಕೇಳಿದವ್ರಿಗೆ ಗೊತ್ತೈತಿ, ಸವಾಲ್ ಬಿದ್ದ ಮ್ಯಾಲೆ ಜವಾಬ್ ಕೊಡದ ಎದ್ದು ಹೋದ್ರ ಮಾನ ಹೋಗತೈತಿ. ಇದನ್ನ ಸೀದಾ ಮಕ್ಕಳ ಗ್ರಾಮಸಭೆಗೆ ತಗೊಂಡು ಹೋದ್ವಿ. ಹೆಂಗೂ ಪಂಚಾಯ್ತಿಯವರು ವರ್ಷಕ್ಕೊಮ್ಮೆ ಅದನ್ನ ಮಾಡಬೇಕು, ಬಿಸ್ಕಿಟ್ ಹಂಚಿ ಫೋಟೋ ಹೊಡಕೊಂಡು ಮುಗಸ್ತಿದ್ರು.

ಬರಿಯೋಕ್ಕಿಂತ ಮೊದಲ ಒಂದೆರಡು ವಾರ ಬರೇ ತಿರುಗಾಟ. ಒಬ್ಬೊಬ್ಬರಿಗೆ ಒಂದೊಂದ ಓಣಿ, ನಳ ಎಷ್ಟು, ಲೈಟ್ ಇಲ್ಲದ ಕಂಬ ಎಷ್ಟು, ಅಂಗನವಾಡಿ ಎಲ್ಲಿ ಸೋರತೈತಿ, ಎಣಿಸಿ ಬರ್ಕೊಂಡು ಬರಬೇಕು. ಪದದಾಗ ಒಂದಾದ್ರೂ ಲೆಕ್ಕ ಇರಬೇಕು, ಯಾರ ಹೆಸರೂ ಇರಬಾರ್ದು, ಮನುಷ್ಯಾಗಲ್ಲ, ಅವನ ಖುರ್ಚಿಗೆ ಕೇಳಬೇಕು. ಕಟ್ಟೋದು ತ್ರಿಪದಿಯಾಗ, ಅಂದ್ರ ಮೂರ ಸಾಲಿನ ಪದ, ಯಾಕಂದ್ರ ಅಜ್ಜಿ ಬೀಸೋ ಪದ ಕೇಳಿದ ಕಿವಿಗೆ ಆ ಧಾಟಿ ತಾನ ಬರತೈತಿ. ಒಂಬತ್ತನೇತ್ತಿ ಹುಡುಗಿ ಕಟ್ಟಿದ್ದು ನೋಡ್ರಿ:

ಎಂಟ ದಿನಕೊಮ್ಮೆ ನೀರ, ತಿಂಗಳಿಗೊಮ್ಮೆ ಬಿಲ್ಲ
ನಡುವ ನಳದಾಗ ಬರಿ ಗಾಳಿ | ಅಧ್ಯಕ್ಷರ
ಗಾಳಿಗೂ ಕರ ಹಾಕ್ತೀರೇನ?

ಸಭಾ ಗೊಳ್ ಅಂತು. ಆದ್ರ ನಗಿಸಿ ಬಿಟ್ರ ಹಳೇ ಗೋಷ್ಠಿನ ಆತಲ್ಲ, ಹಿಂಗಾಗಿ ಪ್ರತಿ ಪದದ ಜೊತಿ ಒಂದ ಅರ್ಜಿ, ಎರಡ ಕಾಪಿ, ಹಾಡಿ ಮುಗಿಸಿದ ಕೂಡ್ಲೆ ಪಂಚಾಯ್ತಿಯವರ ಕೈಗೆ ಕೊಟ್ಟು ನಮ್ಮ ಕಾಪಿಗೆ ಸೀಲು ಹಾಕಿಸ್ಕೊಳ್ಳೋದು, ನಡಾವಳಿ ಪುಸ್ತಕದಾಗ ಬರಿಯೋತನಕ ಮುಂದಿನ ಹುಡುಗ ಡಪ್ಪು ಬಾರಸಂಗಿಲ್ಲ. ಒಂದೂರಾಗ ಎರಡನೇ ಪದಕ್ಕ ಕರೆಂಟ್ ಹೋತು ಅಂತ ಮೈಕ್ ಬಂದ್ ಮಾಡಿದ್ರು. ಡಪ್ಪಿಗೆ ಎಲ್ಲಿ ಕರೆಂಟ್ ಬೇಕು?

ತಿಂಗಳದೊಳಗ ನೀರಿನ ಪೈಪಿನ ವಾಲ್ವ್ ರಿಪೇರಿ ಆತು, ಈಗ ಮೂರ ದಿನಕ್ಕೊಮ್ಮೆ ನೀರ ಬರತಾವ. ಕಂಬದ ಲೈಟು ಮುಕ್ಕಾಲ ಭಾಗ ಹತ್ಯಾವ. ಮುಂಜಾನೆ ಕಾಲೇಜ್ ಬಸ್ ಮಾತ್ರ ಇನ್ನೂ ಇಲ್ಲ, ಅದು ಪಂಚಾಯ್ತಿ ಕೈಯಾಗಿಲ್ಲ, ಆ ಪದ ಬ್ಯಾರೆ ಕಡೆ ಹಾಡಬೇಕು.

ಖರ್ಚು? ಡಪ್ಪು ಸಾವಿರದ ಮ್ಯಾಲೆ ಚೂರು, ತುಂತುಣಿ ತಾಳ ಒಬ್ಬ ಕಾಕಾರ ಕಡಿಂದ ಎರವು, ಮಿರ್ಚಿ ಮಂಡಕ್ಕಿ ಚಾ ಎಲ್ಲಾ ಸೇರಿ ಮೂರ ಸಾವಿರ ದಾಟಿಲ್ಲ. ಪ್ರಾಕ್ಟೀಸಿಗೆ ಪಂಚಾಯ್ತಿ ಲೈಬ್ರರಿ, ಅಂದ್ರ ಅರಿವು ಕೇಂದ್ರ, ಪುಕ್ಕಟ. ನಾಚೋ ಹೆಣ್ಮಕ್ಕಳ ಬಾಯಿ ಮೊದಲ ಸಲ ಹೆಂಗ ಬಿಡಸ್ತೀನಿ ಅನ್ನೋದು ಇಲ್ಲಿ ಹೇಳಂಗಿಲ್ಲ, ಅದು ನನ್ನ ಬಂಡವಾಳ, ಬೇಕಾದವರು ಬಂದು ಕುಂತು ನೋಡ್ರಿ.

ನಡುವ ರ‍್ಯಾಪೂ ಟ್ರೈ ಮಾಡಿದ್ವಿ. ರೀಲ್ಸ್‌ಗೆ ಸಾವಿರಗಟ್ಟಲೆ ವ್ಯೂ ಬಂದ್ವು, ಸಭಾಕ್ಕ ಅದನ್ನ ನೋಡಿ ಬಂದವ ಒಬ್ಬನೂ ಇಲ್ಲ. ಇನ್ನೊಂದು ಚಲೋ ಆತು. ಹದಿನೇಳು ತುಂಬಿದವರು ಮುಂಗಡನ ನಮೂನೆ 6, ಅಂದ್ರ ಹೊಸ ವೋಟರ್ ಅರ್ಜಿ, ಹಾಕಬೌದು, ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಇದ್ರಾಗ ಯಾವ ತಾರೀಕಿಗೆ ಹದಿನೆಂಟು ಆಗತೈತಿ ಆವಾಗ ವೋಟರ್ ಲಿಸ್ಟಿಗೆ ಸೇರಸ್ತಾರ. ಪ್ರಾಕ್ಟೀಸ್ ಮುಗದ ಮ್ಯಾಲೆ ಅಲ್ಲೇ ಮೊಬೈಲ್‌ನಾಗ ತುಂಬಿಸಿದೆ, ಹದಿನೈದರ ಆಸುಪಾಸು ಆದ್ವು. ಒಂದೆರಡು ಫೋಟೋ ಸರಿ ಇಲ್ಲಂತ ವಾಪಸ್ ಬಂದ್ವು, ಈ ಸಲ ಮೊದಲ ಫೋಟೋ ತೆಗಿಸಿ ಇಡ್ತೀನಿ.