ದೋಷಾರೋಪಣಾ ಪಟ್ಟಿ ನ್ಯಾಯಾಲಯ ಸೇರುವ ಮುನ್ನ: ಹೊಸ ಕಾನೂನುಗಳಡಿ ಸರ್ಕಾರಿ ಅಭಿಯೋಜಕರು ನೋಡಬೇಕಾದುದು

ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಸರ್ಕಾರಿ ಅಭಿಯೋಜಕರ ಕೆಲಸದ ತೂಕ ಸಾಕ್ಷಿಕಟ್ಟೆಯ ಕಡೆಯಿಂದ ಕಡತ ಪರಿಶೀಲನೆಯ ಕಡೆಗೆ ಸರಿದಿದೆ. ಮುಖ್ಯ ವಿಚಾರಣೆಯ ವೇಳೆ ತನಿಖಾಧಿಕಾರಿಯ ಬಾಯಿಂದ ಹೇಳಿಸಿ ಸರಿಪಡಿಸಿಕೊಳ್ಳುತ್ತಿದ್ದ ಎಷ್ಟೋ ಕೊರತೆಗಳನ್ನು ಈಗ ಠಾಣೆಯಿಂದ ಕರಡು ದೋಷಾರೋಪಣಾ ಪಟ್ಟಿ ಬಂದಾಗಲೇ ಹಿಡಿಯಬೇಕು. ತುಮಕೂರು ಜಿಲ್ಲೆಯ ತಾಲ್ಲೂಕು ನ್ಯಾಯಾಲಯಗಳಲ್ಲಿ ಹೊಸದಾಗಿ ಸಹಾಯಕ ಸರ್ಕಾರಿ ಅಭಿಯೋಜಕರಾಗಿ ಕೆಲಸಕ್ಕೆ ಸೇರಿದವರನ್ನು ಮುಂದಿಟ್ಟುಕೊಂಡು, ಆ ಪರಿಶೀಲನೆಯನ್ನು ಹೇಗೆ ಮಾಡಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಕಡತ ಕೈಗೆ ಬಂದೊಡನೆ ಎರಡು ದಿನಾಂಕಗಳನ್ನು ಮೇಲುಹಾಳೆಯ ಮೇಲೆ ಬರೆದುಕೊಳ್ಳಿ: ಕೃತ್ಯ ನಡೆದ ದಿನಾಂಕ ಮತ್ತು ಎಫ್‌ಐಆರ್ ದಾಖಲಾದ ದಿನಾಂಕ. 2024ರ ಜುಲೈ 1ಕ್ಕೆ ಮೊದಲು ನಡೆದ ಕೃತ್ಯಕ್ಕೆ ಭಾರತೀಯ ದಂಡ ಸಂಹಿತೆಯ ಕಲಮುಗಳೇ ಅನ್ವಯಿಸುತ್ತವೆ. ಆದರೆ ದೂರು ಆ ದಿನಾಂಕದ ನಂತರ ದಾಖಲಾಗಿದ್ದರೆ ತನಿಖೆ ಮತ್ತು ವಿಚಾರಣೆ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ನಡೆಯಬೇಕು. ಆ ದಿನ ತನಿಖೆಯಲ್ಲಿದ್ದ ಅಥವಾ ವಿಚಾರಣೆಯಲ್ಲಿದ್ದ ಪ್ರಕರಣಗಳಿಗೆ ಆ ಸಂಹಿತೆಯ 531ನೆಯ ಕಲಂ ಹಳೆಯ ಪ್ರಕ್ರಿಯೆಯನ್ನೂ, ಸಾಕ್ಷ್ಯ ಅಧಿನಿಯಮದ 170ನೆಯ ಕಲಂ 1872ರ ಸಾಕ್ಷ್ಯ ಕಾಯ್ದೆಯನ್ನೂ ಉಳಿಸಿಕೊಟ್ಟಿವೆ. ಹಳೆಯ ಭೂವ್ಯಾಜ್ಯ, ಫೋರ್ಜರಿ, ವಂಚನೆ ಪ್ರಕರಣಗಳಲ್ಲಿ ಈ ಗೊಂದಲ ಹೆಚ್ಚು, ಏಕೆಂದರೆ ಕೃತ್ಯ ನಡೆದು ವರ್ಷಗಳಾದ ಮೇಲೆ ದೂರು ಬರುತ್ತದೆ.

ನಂತರ ಬಂಧನದ ಕಾಗದಗಳನ್ನು ತೆಗೆಯಿರಿ. ನಾಗರಿಕ ಸುರಕ್ಷಾ ಸಂಹಿತೆಯ 47ನೆಯ ಕಲಂ ಬಂಧನದ ಆಧಾರಗಳನ್ನು ಬಂಧಿತನಿಗೂ, 48ನೆಯ ಕಲಂ ಬಂಧನದ ವಿಷಯವನ್ನು ಆತನ ಸಂಬಂಧಿಕರಿಗೂ ತಿಳಿಸಬೇಕೆನ್ನುತ್ತದೆ. ಆಧಾರಗಳನ್ನು ತಿಳಿಸದಿದ್ದರೆ ಸಂವಿಧಾನದ 22(1)ನೆಯ ವಿಧಿಯ ಉಲ್ಲಂಘನೆಯಾಗುತ್ತದೆ, ತಿಳಿಸಿದ್ದೇವೆಂದು ಸಾಬೀತುಪಡಿಸುವ ಹೊಣೆ ಪೊಲೀಸರದು, ದೋಷಾರೋಪಣಾ ಪಟ್ಟಿ ಸಲ್ಲಿಸಿದ ಮಾತ್ರಕ್ಕೆ ಆ ಲೋಪ ಮುಚ್ಚಿಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಅದೇ ವರ್ಷದ ನವೆಂಬರ್‌ನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದ ತೀರ್ಪು ಇನ್ನೂ ಮುಂದೆ ಹೋಗಿ, ಆಧಾರಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲೇ ಕೊಡಬೇಕು, ಕೂಡಲೇ ಸಾಧ್ಯವಾಗದಿದ್ದರೆ ಬಾಯಿಮಾತಿನಲ್ಲಿ ತಿಳಿಸಿ, ದಂಡಾಧಿಕಾರಿಗಳ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಲಿಖಿತ ಪ್ರತಿ ಕೊಡಬೇಕು ಎಂದು ವಿಧಿಸಿತು.

ನಮ್ಮ ಜಿಲ್ಲೆಯಲ್ಲಿ ಇದರ ಬಿಸಿ ಮೊದಲು ತಟ್ಟುವುದು ಪಾವಗಡಕ್ಕೆ. ಬಹುತೇಕ ಎಲ್ಲ ದಿಕ್ಕುಗಳಲ್ಲೂ ಆಂಧ್ರದ ನೆಲ ಸುತ್ತುವರಿದಿರುವ ಆ ತಾಲ್ಲೂಕಿನಲ್ಲಿ ತೆಲುಗು ಮಾತ್ರ ಓದಬಲ್ಲ ಆರೋಪಿ ಸಿಗುವುದು ಸಾಮಾನ್ಯ. ಆತನಿಗೆ ಕನ್ನಡದ ಹಾಳೆ ಕೊಟ್ಟು ಸಹಿ ಪಡೆದರೆ, ಆ ಸಹಿ ಹಾಳೆ ತಲುಪಿತೆಂಬುದನ್ನು ತೋರಿಸೀತೇ ಹೊರತು ಅರ್ಥವಾಯಿತೆಂಬುದನ್ನಲ್ಲ. ತೆಲುಗು ಪ್ರತಿ ಇದೆಯೇ, ಕೊಟ್ಟ ವೇಳೆ ನಮೂದಾಗಿದೆಯೇ, ಓದಲು ಬಾರದವನಾಗಿದ್ದರೆ ಯಾರು ಓದಿ ಹೇಳಿದರೆಂದು ಬರೆದಿದೆಯೇ ಎಂದು ನೋಡಿ. ಹಾಳೆಯ ಒಳಗಿರುವುದನ್ನೂ ಓದಿ. ‘ಸಾಕ್ಷ್ಯ ನಾಶಪಡಿಸುವ ಸಂಭವವಿದೆ, ತಲೆಮರೆಸಿಕೊಳ್ಳುವ ಸಂಭವವಿದೆ’ ಎಂಬ ಅಚ್ಚಾದ ಸಾಲುಗಳು ಯಾವ ಆರೋಪಿಗಾದರೂ ಹೊಂದುತ್ತವೆ. ಈ ಆರೋಪಿ ಯಾವ ದಿನ, ಎಲ್ಲಿ, ಏನು ಮಾಡಿದನೆಂಬ ಆರೋಪವಿದೆಯೋ ಅದು ಆ ಹಾಳೆಯಲ್ಲಿ ಇರಬೇಕು. ಇದನ್ನು ರಿಮಾಂಡ್ ಅರ್ಜಿಯ ದಿನವೇ ನೋಡುವ ರೂಢಿ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಇದೊಂದು ಲೋಪದಿಂದ ಗಂಭೀರ ಪ್ರಕರಣದ ಆರೋಪಿಯೂ ಹೊರಬರಬಹುದು. ಬಂಧನಕ್ಕೆ ಬದಲು, ಪೊಲೀಸರ ಮುಂದೆ ಹಾಜರಾಗುವಂತೆ ನಾಗರಿಕ ಸುರಕ್ಷಾ ಸಂಹಿತೆಯ 35(3)ನೆಯ ಕಲಮಿನ ನೋಟಿಸ್ ಕೊಟ್ಟಿದ್ದರೆ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದು ಜಾರಿಯಾದಂತಲ್ಲ ಎಂಬ 2025ರ ಜನವರಿಯ ಸುಪ್ರೀಂ ಕೋರ್ಟ್ ನಿರ್ದೇಶನವನ್ನೂ ನೆನಪಿಡಿ.

ಇನ್ನು, ಹೆಚ್ಚು ಹೊತ್ತು ಕೊಡಬೇಕಾದ ಭಾಗಕ್ಕೆ ಬರೋಣ. ಇಂದು ಕಳವು, ಅಪಘಾತ, ಹಲ್ಲೆ, ಕೊಲೆ ಯಾವುದೇ ಇರಲಿ, ಒಂದು ಪೆನ್‌ಡ್ರೈವ್ ಇಲ್ಲದ ಕಡತ ಅಪರೂಪ. ಅದರ ಜೊತೆಗೆ ಸಾಕ್ಷ್ಯ ಅಧಿನಿಯಮದ 63(4)ನೆಯ ಕಲಮಿನ ಪ್ರಮಾಣಪತ್ರ ಇರಲೇಬೇಕು. 1872ರ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನಡಿ ಕೊಡುತ್ತಿದ್ದ ಹಳೆಯ ಪ್ರಮಾಣಪತ್ರಕ್ಕೆ ನಿಗದಿತ ನಮೂನೆ ಇರಲಿಲ್ಲ. ಈಗ ಅಧಿನಿಯಮದ ಅನುಸೂಚಿಯಲ್ಲೇ ನಮೂನೆ ಇದೆ, ಅದಕ್ಕೆ ಎರಡು ಭಾಗಗಳಿವೆ. ಎ ಭಾಗವನ್ನು ಸಾಧನದ ಉಸ್ತುವಾರಿ ಹೊಂದಿದವರು, ಬಿ ಭಾಗವನ್ನು ತಜ್ಞರು ತುಂಬಿ ಸಹಿ ಮಾಡಬೇಕು. ಒಂದೇ ಭಾಗವಿರುವ, ಅಥವಾ ತಲೆಬರಹದಲ್ಲಿ ಕಲಂ ಸಂಖ್ಯೆಯನ್ನಷ್ಟೇ ಬದಲಿಸಿದ ಹಳೆಯ ನಮೂನೆ ಬಂದರೆ ಕಡತವನ್ನು ಹಿಂದಕ್ಕೆ ಕಳುಹಿಸಿ.

ತುಮಕೂರಿನ ಬಿ.ಎಚ್. ರಸ್ತೆಯ ಒಂದು ಅಂಗಡಿಯ ಸಿಸಿಟಿವಿ ದೃಶ್ಯವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಎ ಭಾಗಕ್ಕೆ ಸಹಿ ಮಾಡಬೇಕಾದವರು ಡಿವಿಆರ್ (ಕ್ಯಾಮೆರಾದ ದೃಶ್ಯಗಳನ್ನು ದಾಖಲಿಸಿಡುವ ಪೆಟ್ಟಿಗೆ) ಯಾರ ವಶದಲ್ಲಿ ನಡೆಯುತ್ತಿದೆಯೋ ಅವರು, ಅಂದರೆ ಅಂಗಡಿಯ ಮಾಲೀಕರು ಅಥವಾ ವ್ಯವಸ್ಥಾಪಕರು. ಕ್ಯಾಮೆರಾ ಅಳವಡಿಸಿದ ಹುಡುಗ ಬಂದು ದೃಶ್ಯವನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಟ್ಟ ಎಂಬ ಕಾರಣಕ್ಕೆ ಆತನ ಸಹಿ ಮಾತ್ರ ಹಾಕಿಸಿದ್ದರೆ ಪಾಟೀ ಸವಾಲಿನಲ್ಲಿ ಅದು ನಿಲ್ಲುವುದಿಲ್ಲ. ಸಾಧನದ ತಯಾರಿಕೆ, ಮಾದರಿ, ಬಣ್ಣ ಮತ್ತು ಸೀರಿಯಲ್ ಸಂಖ್ಯೆಯ ಕಾಲಂಗಳು ತುಂಬಿರಬೇಕು, ಅವು ಮಹಜರಿನಲ್ಲಿರುವ ವಿವರಕ್ಕೆ ಅಕ್ಷರಶಃ ತಾಳೆಯಾಗಬೇಕು. ಡಿವಿಆರ್‌ನ ಗಡಿಯಾರ ಎಷ್ಟೋ ಬಾರಿ ಮುಂದೆ ಅಥವಾ ಹಿಂದೆ ಓಡುತ್ತಿರುತ್ತದೆ. ದೃಶ್ಯ ತೆಗೆದ ದಿನ ಪರದೆಯ ಮೇಲಿದ್ದ ವೇಳೆ ಮತ್ತು ನಿಜವಾದ ವೇಳೆ ಎರಡನ್ನೂ ಪಂಚರ ಸಮಕ್ಷಮ ಮಹಜರಿನಲ್ಲಿ ಬರೆಸಿರದಿದ್ದರೆ, ಆರೋಪಿ ಆ ಹೊತ್ತಿಗೆ ಬೇರೆಡೆ ಇದ್ದನೆಂಬ ವಾದಕ್ಕೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಜಾಗ ತುಂಬಿದಂತೆ ಡಿವಿಆರ್ ಹಳೆಯ ದೃಶ್ಯಗಳನ್ನು ತಾನಾಗಿ ಅಳಿಸಿ ಹೊಸದನ್ನು ಬರೆಯುವುದರಿಂದ, ಈ ಸಲಹೆಯನ್ನು ತನಿಖಾಧಿಕಾರಿಗೆ ಮೊದಲ ದಿನಗಳಲ್ಲೇ ಕೊಡಬೇಕು.

ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನು ಬರೆಯಬೇಕು ಮತ್ತು ಹ್ಯಾಶ್ ವರದಿಯನ್ನು ಲಗತ್ತಿಸಬೇಕು. ಕಂಪ್ಯೂಟರ್ ಫೈಲಿನೊಳಗಿನ ಮಾಹಿತಿಯನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ತಂತ್ರಾಂಶ ಕೊಡುವ ಅಕ್ಷರ ಮತ್ತು ಅಂಕಿಗಳ ಸಾಲು ಇದು. ಮಾಹಿತಿ ಎಳ್ಳಷ್ಟು ಬದಲಾದರೂ ಈ ಸಾಲು ಬದಲಾಗುತ್ತದೆ. ತಂತ್ರಜ್ಞಾನ ಬಾರದ ಅಭಿಯೋಜಕರೂ ಇದನ್ನು ಪರಿಶೀಲಿಸಬಹುದು. ಎಸ್‌ಎಚ್‌ಎ 256 ವಿಧಾನವಾದರೆ ಸಾಲಿನಲ್ಲಿ 64, ಎಸ್‌ಎಚ್‌ಎ 1 ಆದರೆ 40, ಎಂಡಿ 5 ಆದರೆ 32 ಅಕ್ಷರ–ಅಂಕಿಗಳಿರುತ್ತವೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಮತ್ತು ಇಂಗ್ಲಿಷಿನ ಮೊದಲ ಆರು ಅಕ್ಷರಗಳನ್ನು ಬಿಟ್ಟರೆ ಬೇರೇನೂ ಇರಲಾರದು. ಠಾಣೆಯಲ್ಲಿ ಕೈಯಿಂದ ಬೆರಳಚ್ಚು ಮಾಡುವಾಗ ಸೊನ್ನೆಯ ಜಾಗದಲ್ಲಿ ‘ಓ’ ಅಕ್ಷರ ಬಿದ್ದಿದ್ದರೆ, ಅಥವಾ ಎಣಿಕೆಯಲ್ಲಿ ಒಂದು ಕಡಿಮೆಯಾಗಿದ್ದರೆ, ಆ ಪ್ರಮಾಣಪತ್ರ ಯಾವ ದೃಶ್ಯಕ್ಕೂ ತಾಳೆಯಾಗುವುದಿಲ್ಲ. ಆದ್ದರಿಂದ ಪೆನ್ಸಿಲ್ ಹಿಡಿದು ಎಣಿಸಿ. ಇದಕ್ಕೆ ಎರಡು ನಿಮಿಷ ಸಾಕು. ಹ್ಯಾಶ್ ತೆಗೆದದ್ದು ದೃಶ್ಯದ ಫೈಲಿನದೋ ಇಡೀ ಪೆನ್‌ಡ್ರೈವ್‌ನದೋ ಎಂಬುದೂ ಸ್ಪಷ್ಟವಾಗಿರಬೇಕು, ಏಕೆಂದರೆ ಪೆನ್‌ಡ್ರೈವನ್ನು ರಕ್ಷಣೆಯಿಲ್ಲದೆ ಕಂಪ್ಯೂಟರಿಗೆ ಚುಚ್ಚಿದರೂ ಎರಡನೆಯದು ಬದಲಾಗಬಹುದು.

ಬಿ ಭಾಗಕ್ಕೆ ಸಹಿ ಮಾಡುವ ತಜ್ಞ ಯಾರೆಂಬುದನ್ನು 63ನೆಯ ಕಲಂ ಬಿಡಿಸಿ ಹೇಳಿಲ್ಲ. ಆದ್ದರಿಂದ ಆ ವ್ಯಕ್ತಿಯ ವಿದ್ಯಾರ್ಹತೆ ಮತ್ತು ಹುದ್ದೆಯನ್ನು ದಾಖಲೆಯಲ್ಲಿ ತರಿಸಿ, ಸಾಕ್ಷಿಗಳ ಪಟ್ಟಿಯಲ್ಲಿ ಹೆಸರು ಸೇರಿಸಿ. ವಿದ್ಯುನ್ಮಾನ ಸಾಧನ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ವಶದ ಸರಣಿಯನ್ನು ದೋಷಾರೋಪಣಾ ಪಟ್ಟಿಯಲ್ಲೇ ಹೇಳಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 193(3)ನೆಯ ಕಲಂ ವಿಧಿಸುತ್ತದೆ. ಅಂಗಡಿಯಿಂದ ಠಾಣೆಗೆ, ಠಾಣೆಯಿಂದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಅಲ್ಲಿಂದ ಮರಳಿ ಬಂದದ್ದು, ಪ್ರತಿ ಹಂತದ ದಿನಾಂಕದೊಂದಿಗೆ ಅಲ್ಲಿರಬೇಕು. ಶೋಧ ಮತ್ತು ವಶಪಡಿಸಿಕೊಳ್ಳುವಿಕೆಯನ್ನು 105ನೆಯ ಕಲಮಿನಂತೆ ಚಿತ್ರೀಕರಿಸಿದ ವಿಡಿಯೊ ಕೂಡ ವಿದ್ಯುನ್ಮಾನ ದಾಖಲೆಯೇ ಆಗಿರುವುದರಿಂದ ಅದಕ್ಕೂ ಪ್ರತ್ಯೇಕ ಪ್ರಮಾಣಪತ್ರ ಬೇಕು. ಬಹಳ ಕಡತಗಳಲ್ಲಿ ಮರೆತುಹೋಗುವುದು ಇದೇ.

ಪ್ರಮಾಣಪತ್ರವೇ ಇಲ್ಲದ ಹಳೆಯ ಪ್ರಕರಣ ನಿಮ್ಮ ಪಾಲಿಗೆ ಬಂದರೆ ಕೈಚೆಲ್ಲಬೇಡಿ. 2008ರ ಬೆಂಗಳೂರು ಸರಣಿ ಸ್ಫೋಟದ ಮೊಕದ್ದಮೆಯಲ್ಲಿ 65ಬಿ ಪ್ರಮಾಣಪತ್ರವನ್ನು ತಡವಾಗಿ ಹಾಜರುಪಡಿಸಲು ಕೋರಿದ್ದ ಅರ್ಜಿಯನ್ನು ವಿಚಾರಣಾ ನ್ಯಾಯಾಲಯವೂ ಹೈಕೋರ್ಟೂ ತಿರಸ್ಕರಿಸಿದ್ದವು. ಕರ್ನಾಟಕ ಸರ್ಕಾರ ಮೇಲ್ಮನವಿ ಹೋದಾಗ, ವಿಚಾರಣೆ ಮುಗಿಯುವ ಮುನ್ನ ಯಾವ ಹಂತದಲ್ಲಾದರೂ ಅದನ್ನು ಸಲ್ಲಿಸಬಹುದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಟಿ. ನಸೀರ್ ಪ್ರಕರಣದ ಈ ತೀರ್ಪಿನ ಪ್ರತಿ ಪ್ರತಿಯೊಬ್ಬ ಅಭಿಯೋಜಕರ ಮೇಜಿನಲ್ಲಿರಬೇಕು. ಆದರೆ ಅದನ್ನು ನೆಚ್ಚಿಕೊಂಡು ಹೊಸ ಕಡತದ ಕೊರತೆಯನ್ನು ಹಾಗೇ ಬಿಡುವುದು ಸರಿಯಲ್ಲ.

ಸಂತ್ರಸ್ತರ ವಿಷಯದಲ್ಲಿ ನೋಡಬೇಕಾದುದು ಎರಡು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಿದ ದಾಖಲೆ ಕಡತದಲ್ಲಿರಬೇಕು. ಮುಂದೆ ಎಂದಾದರೂ 360ನೆಯ ಕಲಮಿನಡಿ ಅಭಿಯೋಗ ಹಿಂಪಡೆಯುವ ಅರ್ಜಿ ಬಂದರೆ ಸಂತ್ರಸ್ತರ ಮಾತು ಕೇಳದೆ ನ್ಯಾಯಾಲಯ ಅನುಮತಿ ಕೊಡುವಂತಿಲ್ಲ.

ಆಕ್ಷೇಪಣೆಗಳನ್ನು ಫೋನಿನಲ್ಲಿ ಹೇಳಿ ಮುಗಿಸಬೇಡಿ. ಪರಿಶೀಲನಾ ಟಿಪ್ಪಣಿಯಲ್ಲಿ ಪುಟ ಸಂಖ್ಯೆ ಹಾಕಿ, ಏನು ಕೊರತೆ, ಯಾರಿಂದ ಏನು ತರಿಸಬೇಕು ಎಂದು ಬರೆದು, ಪ್ರತಿಯನ್ನು ಕಚೇರಿಯಲ್ಲಿಟ್ಟುಕೊಳ್ಳಿ. ಆರೋಪಿ ನ್ಯಾಯಾಂಗ ಬಂಧನದಲ್ಲಿದ್ದರೆ ದೋಷಾರೋಪಣಾ ಪಟ್ಟಿ ಸಲ್ಲಿಸಲು 187(3)ನೆಯ ಕಲಮಿನಲ್ಲಿರುವ 60 ಅಥವಾ 90 ದಿನಗಳ ಗಡುವನ್ನು ಮೊದಲೇ ಲೆಕ್ಕ ಹಾಕಿ, ಕರಡು ಪಟ್ಟಿ ಕನಿಷ್ಠ 15 ದಿನ ಮುಂಚೆ ನಿಮ್ಮ ಕೈಸೇರುವಂತೆ ಠಾಣೆಗೆ ಬರೆಯಿರಿ. ಗಡುವಿಗೆ ಎರಡು ದಿನ ಉಳಿದಿರುವಾಗ ಕಡತ ಹಿಂತಿರುಗಿಸಿದರೆ ಆರೋಪಿಗೆ ಜಾಮೀನಿನ ಹಕ್ಕು ತಾನಾಗಿ ಹುಟ್ಟಿಕೊಳ್ಳುತ್ತದೆ. ಪ್ರಯೋಗಾಲಯದ ವರದಿಯಷ್ಟೇ ಬಾಕಿ ಇದ್ದರೆ ಇರುವ ಸಾಕ್ಷ್ಯದ ಮೇಲೆ ಪಟ್ಟಿಯನ್ನು ಗಡುವಿನೊಳಗೆ ಸಲ್ಲಿಸಿ, ವರದಿಯನ್ನು 193(9)ನೆಯ ಕಲಮಿನಡಿ ಹೆಚ್ಚುವರಿ ವರದಿಯ ಮೂಲಕ ತರಬಹುದು. ಆದರೆ ವಿಚಾರಣೆ ಆರಂಭವಾದ ಮೇಲಿನ ಮುಂದುವರಿದ ತನಿಖೆಗೆ ನ್ಯಾಯಾಲಯದ ಅನುಮತಿ ಬೇಕು, ಅದನ್ನು 90 ದಿನಗಳಲ್ಲಿ ಮುಗಿಸಬೇಕು, ಹೆಚ್ಚಿನ ಕಾಲ ಬೇಕಾದರೆ ಮತ್ತೆ ಅನುಮತಿ ಕೇಳಬೇಕು. ಹಾಗಾಗಿ ಬಾಕಿ ಇರುವ ವರದಿಗಳ ಪಟ್ಟಿಯನ್ನು ದೋಷಾರೋಪಣಾ ಪಟ್ಟಿಯ ಕೊನೆಯಲ್ಲೇ ನಮೂದಿಸುವಂತೆ ತನಿಖಾಧಿಕಾರಿಗೆ ಸೂಚಿಸಿ.