ಚಿಗರಿ ಬಸ್ಸಿಗೆ ಚೀನಾ, ನಳದ ನೀರಿಗೆ ಕೊರಿಯಾ: ನನ್ನ ಅನುಭವ

ನಮ್ಮ ಮನೆ ಹುಬ್ಬಳ್ಳಿಯಲ್ಲಿ, ನನ್ನ ನೌಕರಿ ಧಾರವಾಡದಲ್ಲಿ. ಮನೆಯಲ್ಲಿ ಏಳು ಜನ. ಇದರ ನಡುವೆ ನನಗೆ ಫೋನಿನಲ್ಲಿ ಹೊರದೇಶದ ಡ್ರಾಮಾ, ಅಂದರೆ ಅಲ್ಲಿನ ಧಾರಾವಾಹಿ, ನೋಡೋ ಹುಚ್ಚು ಹತ್ತಿತು. "ನಿಮಗೆಲ್ಲಿಂದ ಟೈಮ್ ಸಿಗ್ತದ್ರೀ ಅಕ್ಕಾ? ರಾತ್ರಿ ನಿದ್ದಿ ಮಾಡ್ತೀರೋ ಇಲ್ಲೋ?" ಅಂತ ನೆಗೆಣ್ಣಿ ಕೇಳುತ್ತಿದ್ದಳು. ಎರಡೇ ತಿಂಗಳಲ್ಲಿ ಬಿಟ್ಟುಬಿಡ್ತೀಯ ನೋಡು ಅಂತ ಗೆಳತಿಯರೂ ಅಂದಿದ್ದರು. ಈಗ ಎರಡು ವರ್ಷದ ಮೇಲಾಯಿತು. ಕೊರಿಯಾ, ಚೀನಾ, ಜಪಾನ್ ಎಲ್ಲ ಸೇರಿ ಹತ್ತಿರ ಹತ್ತಿರ ಇಪ್ಪತ್ತು ಡ್ರಾಮಾ ಮುಗಿಸಿದ್ದೇನೆ. ಮಕ್ಕಳ ಡಬ್ಬಿ ತಪ್ಪಿಲ್ಲ, ಆಫೀಸಿಗೆ ತಡ ಆಗಿಲ್ಲ. ಮೊನ್ನೆ ಅದೇ ನೆಗೆಣ್ಣಿ "ನನಗೂ ಒಂದು ಹಚ್ಚಿಕೊಡ್ರೀ" ಅಂದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲರೂ ನೋಡೋದು ರಾತ್ರಿ. ನಾನೂ ಶುರು ಮಾಡಿದ್ದು ಹಾಗೇ. ಹತ್ತೂವರೆಗೆ ಕಟ್ಟೆ ಒರೆಸಿ ಕೂತರೆ ಕೊರಿಯಾದ ಒಂದು ಎಪಿಸೋಡಿಗೇ 60-70 ನಿಮಿಷ ಬೇಕು. ಕೊನೆಯ ಎರಡು ನಿಮಿಷದಲ್ಲಿ ಏನಾದರೊಂದು ತಿರುವು ಇಟ್ಟೇ ಇರುತ್ತಾರೆ. ಇನ್ನೊಂದು ನೋಡೋಣ ಅಂತ ಹೊರಟರೆ ರಾತ್ರಿ ಒಂದರ ಹತ್ತಿರ. ಬೆಳಿಗ್ಗೆ ಐದೂವರೆಗೆ ಏಳಬೇಕು. ತಿಂಗಳೊಳಗೆ ತಲೆನೋವು ಹತ್ತಿತು. ಭಾನುವಾರಕ್ಕೆ ಕೂಡಿಡೋದು ಅದಕ್ಕಿಂತ ದಂಡ. ಬೀಗರು, ನೆಂಟರು ಯಾರೂ ಬರದ ಭಾನುವಾರ ನಮ್ಮಲ್ಲಿ ಅಪರೂಪ.

ಆಮೇಲೆ ರೊಟ್ಟಿ ಬಡಿಯುವಾಗ ಹಿಂದಿ ಡಬ್ಬಿಂಗ್ ಕೇಳುವ ಪ್ರಯೋಗ ಮಾಡಿದೆ. ಕೊಪ್ಪಿಕರ್ ರಸ್ತೆಯಲ್ಲಿ ಒಂಬೈನೂರು ರೂಪಾಯಿ ಕೊಟ್ಟು ಇಯರ್‌ಬಡ್ಸ್ ತಂದೆ, ದುರ್ಗದ ಬೈಲಿನಲ್ಲಿ ನೂರರ ಒಂದು ಸ್ಟ್ಯಾಂಡ್. ಬಡಿಯೋ ಸದ್ದಿಗೆ ಮಾತೇ ಕೇಳಿಸೋದಿಲ್ಲ. ಸೌಂಡ್ ಜಾಸ್ತಿ ಮಾಡಿದರೆ ಅತ್ತೆ ಕರೆದದ್ದು ಕೇಳಿಸೋದಿಲ್ಲ. ಕಣ್ಣು ಪರದೆಯ ಕಡೆ ಹೋದರೆ ಅಂಚು ಸೀಳುತ್ತದೆ, ಹಂಚಿನ ಮೇಲಿನದಕ್ಕೆ ನೀರು ಸವರೋದು ತಡವಾಗುತ್ತದೆ, ರೊಟ್ಟಿ ಉಬ್ಬೋದಿಲ್ಲ. ರೊಟ್ಟಿ ಹೊತ್ತಲ್ಲಿ ಡ್ರಾಮಾ ಬೇಡವೇ ಬೇಡ. ಮೆಂತೆ ಪಲ್ಯ ಸೋಸುವಾಗ, ಬಟ್ಟೆ ಮಡಚುವಾಗ ಮಾತ್ರ ಡಬ್ಬಿಂಗ್ ಚೆನ್ನಾಗಿ ನಡೆಯುತ್ತದೆ.

ಕೊನೆಗೆ ಉಲ್ಟಾ ಮಾಡಿದೆ. ಡ್ರಾಮಾಕ್ಕೆ ಸಮಯ ಹುಡುಕೋದು ಬಿಟ್ಟು, ಇರೋ ಸಮಯದ ಅಳತೆಗೆ ಡ್ರಾಮಾ ಆರಿಸಿದೆ. ದಿನದಲ್ಲಿ ಸುಮ್ನೆ ಕಾಯುವ ಹೊತ್ತು ಎಲ್ಲೆಲ್ಲಿ ಎಷ್ಟಿದೆ ಅಂತ ಒಂದು ವಾರ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ.

ದೊಡ್ಡ ಗಂಟು ಸಿಕ್ಕಿದ್ದು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ. ಹೊಸೂರಿನಲ್ಲಿ ಹತ್ತಿ ಧಾರವಾಡ ಜುಬಿಲಿ ಸರ್ಕಲ್‌ನಲ್ಲಿ ಇಳಿಯೋಕೆ ನನಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಚೀನಾದ ಎಪಿಸೋಡ್ ಹೆಚ್ಚುಕಮ್ಮಿ 45 ನಿಮಿಷ. ಶುರುವಿನ ಹಾಡು, ಕೊನೆಯ ಹಾಡು ಹಾರಿಸಿದರೆ ನಲವತ್ತೇ ಉಳಿಯುತ್ತದೆ. ಸೀಟು ಸಿಕ್ಕರೆ ಹೋಗುವಾಗ ಒಂದು, ಬರುವಾಗ ಒಂದು. ಮೊದಲೆಲ್ಲ ಅಲ್ಲಿನ ಡ್ರಾಮಾಗಳು 50, 60 ಎಪಿಸೋಡ್ ಎಳೆಯುತ್ತಿದ್ದವು. 2020ರಲ್ಲಿ ಅಲ್ಲಿನ ಸರ್ಕಾರವೇ 40 ಮೀರಬಾರದು ಅಂತ ಸೂಚನೆ ಕೊಟ್ಟಿತು. ಆಮೇಲೆ ಬಂದವನ್ನು ಆರಿಸಿದರೆ ತಿಂಗಳಿಗೆ ಒಂದು ಆರಾಮಾಗಿ ಮುಗಿಯುತ್ತದೆ.

ಕೊರಿಯಾದ್ದು ಬಸ್ಸಿಗೆ ಕೂಡೋದಿಲ್ಲ, ಇಳಿಯೋ ಹೊತ್ತಿಗೆ ಕಥೆಯ ನಡುವೆಯೇ ನಿಲ್ಲಿಸಬೇಕಾಗುತ್ತದೆ. ಅದಕ್ಕೆ ನಳದ ದಿನ ಇಟ್ಟಿದ್ದೇನೆ. ನಮ್ಮ ಓಣಿಗೆ ದಿನಾ ನೀರು ಬರೋದಿಲ್ಲ. ಬಂದರೆ ಎರಡು-ಎರಡೂವರೆ ತಾಸು ಪೈಪು ಬದಲಾಯಿಸುತ್ತ ಕಾಯಬೇಕು. ಇಲ್ಲಿ ಕೆಲಸಕ್ಕೆ ಬಂದ ಒಂದು ವಿಷಯ ಹೇಳುತ್ತೇನೆ. ಕೊರಿಯಾದ ಕೆಬಿಎಸ್, ಎಂಬಿಸಿ, ಎಸ್‌ಬಿಎಸ್ ಟಿವಿ ಚಾನೆಲ್‌ಗಳು ಕಾರ್ಯಕ್ರಮದ ನಡುವೆ ಜಾಹೀರಾತು ಹಾಕುವಂತಿರಲಿಲ್ಲ. 2021ರಲ್ಲಷ್ಟೇ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅದಕ್ಕೂ ಮೊದಲು, 2017ರ ಸುಮಾರಿಗೆ, ಅವರು ಒಂದು ಎಪಿಸೋಡನ್ನೇ 35 ನಿಮಿಷದ ಎರಡು ತುಂಡು ಮಾಡಿ ನಡುವೆ ಜಾಹೀರಾತು ತೂರಿಸೋದು ಶುರು ಮಾಡಿದ್ದರು. ಹಾಗಾಗಿ ಆ ಕಾಲದ 16 ಎಪಿಸೋಡಿನ ಡ್ರಾಮಾ ಎಷ್ಟೋ ಕಡೆ 32 ಅಂತ ಕಾಣುತ್ತದೆ. ನಡುವೆ ಒಂದು ಚಿಕ್ಕ ತಿರುವೂ ಇರುತ್ತದೆ. ನನಗೆ ಬೇಕಾದದ್ದು ಅದೇ. ಒಂದು ತುಂಡು ಮುಗಿಯುವ ಹೊತ್ತಿಗೆ ನಮ್ಮ ಬ್ಯಾರಲ್ ತುಂಬುತ್ತದೆ. ಪೈಪು ಸಿಂಟೆಕ್ಸಿಗೆ ಹಾಕಿ ಬಂದು ಎರಡನೇ ತುಂಡು.

ನಿಲ್ಲಿಸೋಕೂ ಜಾಗ ಇದೆ. ಎಪಿಸೋಡ್ ಮುಗಿದಲ್ಲಿ ನಿಲ್ಲಿಸಬೇಡಿ, ಅಲ್ಲಿ ಕೈ ಬರೋದಿಲ್ಲ. ಮುಂದಿನದರ ಮೊದಲ ಹತ್ತು ನಿಮಿಷ ನೋಡಿ ನಿಲ್ಲಿಸಿ. ಅಷ್ಟರಲ್ಲಿ ಹಿಂದಿನ ಗಂಟು ಬಿಚ್ಚಿರುತ್ತದೆ, ಹೊಸದು ಬಿದ್ದಿರೋದಿಲ್ಲ. ನನ್ನ ನಿದ್ದೆ ಉಳಿಸಿದ್ದು ಇದೇ.

ಇನ್ನು ದುಡ್ಡು. ನಾನು ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲಾನ್ ಹಾಕಿಸಿದಾಗ ತಿಂಗಳಿಗೆ 149 ರೂಪಾಯಿ. ಒಂದೇ ಫೋನಿನಲ್ಲಿ ನೋಡೋರಿಗೆ ಧಾರಾಳ ಸಾಕು. ಇನ್ನೊಂದು ಆ್ಯಪ್‌ಗೆ ವರ್ಷದ್ದು ಒಮ್ಮೆಲೇ ಕಟ್ಟಿದ್ದೆ, ಸಾವಿರದ ಹತ್ತಿರ ಹೋಯಿತು. ನಾಲ್ಕನೇ ತಿಂಗಳಿಗೆ ನಾನು ಅರ್ಧ ನೋಡಿದ್ದ ಡ್ರಾಮಾವನ್ನೇ ತೆಗೆದುಹಾಕಿದರು. ದುಡ್ಡು ವಾಪಸ್ ಕೇಳಿದರೆ ಉತ್ತರವೂ ಇಲ್ಲ. ಅಂದಿನಿಂದ ತಿಂಗಳಿನದು ಬಿಟ್ಟು ಬೇರೆ ಕಟ್ಟಿಲ್ಲ. ಡೇಟಾಕ್ಕೆ ಬೇರೆ ಖರ್ಚೇ ಇಲ್ಲ. ದಿನದ ಒಂದೂವರೆ ಜಿಬಿಯಲ್ಲಿ ನನಗೆ ಅರ್ಧ ಉಳಿಯುತ್ತಿತ್ತು, ರಾತ್ರಿ ಹನ್ನೆರಡಕ್ಕೆ ಅದು ಹಾಳು. ಈಗ ಮಲಗೋ ಮೊದಲು ನಾಳೆಯ ಎರಡು ಎಪಿಸೋಡ್ ಡೌನ್‌ಲೋಡ್‌ಗೆ ಹಾಕುತ್ತೇನೆ. ಕಡಿಮೆ ಕ್ವಾಲಿಟಿಯಲ್ಲಿ ಒಂದಕ್ಕೆ ಮುನ್ನೂರು ಎಂಬಿ ಆಸುಪಾಸು.

ವೇಗ ಹೆಚ್ಚಿಸಿಯೂ ನೋಡಿದ್ದೇನೆ. ಕಾಲು ಪಟ್ಟು ಹೆಚ್ಚಿಸಿದರೆ ಪರವಾಗಿಲ್ಲ. ಅರ್ಧ ಪಟ್ಟಿಗೆ ಹೋದರೆ ಚೀನಾದ ಸಬ್‌ಟೈಟಲ್ ಓದೋಕೆ ಮುಂಚೆ ಮಾಯ. ಅತ್ತು ಕರೆಯೋ ದೃಶ್ಯ ಆ ವೇಗದಲ್ಲಿ ನೋಡೋದು ಅದನ್ನು ಮಾಡಿದವರಿಗೇ ಅನ್ಯಾಯ, ಅಲ್ವಾ?

ಮನೆಯವರನ್ನು ಒಲಿಸಿಕೊಳ್ಳೋದು ಬೇರೆಯೇ ಕೆಲಸ. ಸಂಜೆ ಟಿವಿ ಅತ್ತೆಯವರದ್ದು, ಅದಕ್ಕೆ ನಾನು ಕೈ ಹಾಕೋದಿಲ್ಲ. ಒಂದು ಮಳೆಗಾಲದ ಭಾನುವಾರ ಅವರಿಗೆ ಕೊರಿಯಾದ 'ರಿಪ್ಲೈ 1988' ಡ್ರಾಮಾ ತೋರಿಸಿದೆ. ಅಲ್ಲಿನ ರಾಜಧಾನಿ ಸೋಲ್‌ನ ಒಂದು ಓಣಿ, ಐದು ಮನೆ. ಮೊದಲನೇ ಎಪಿಸೋಡಿನಲ್ಲಿ ಊಟದ ಹೊತ್ತಿಗೆ ಮಕ್ಕಳು ಬಟ್ಟಲು ಹಿಡಿದು ಈ ಮನೆಯಿಂದ ಆ ಮನೆಗೆ ಓಡಾಡುತ್ತವೆ. ಕೊಟ್ಟ ಮನೆಗೆ ಬಟ್ಟಲು ಖಾಲಿ ಹೋಗೋದಿಲ್ಲ, ಬೇರೇನೋ ತುಂಬಿಕೊಂಡೇ ಹೋಗುತ್ತದೆ. ಅವರಿಗೆ ಇಂಗ್ಲಿಷ್ ಓದೋಕೆ ಬರೋದಿಲ್ಲ, ನಾನೇ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. "ನಮ್ಮ ಓಣಿನೂ ಹಿಂಗ ಇತ್ತಲ್ಲವಾ" ಅಂದರು. 20 ಎಪಿಸೋಡ್, ಕೆಲವು ಒಂದೂವರೆ ತಾಸು ದಾಟುತ್ತವೆ. ಆದರೂ ನಾಲ್ಕೈದು ತಿಂಗಳಲ್ಲಿ ಇಬ್ಬರೂ ಸೇರಿ ಮುಗಿಸಿದೆವು. ಆಮೇಲೆ ನನ್ನ ಫೋನಿನ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಿಲ್ಲ.

ಶನಿವಾರ ಸಂಜೆ ನನಗೆ ಪೂರಾ ಒಂದೂವರೆ ತಾಸು ಹೇಗೆ ಸಿಗುತ್ತದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ. ಬರೆದರೆ ಅದು ನನ್ನ ಕೈ ತಪ್ಪುತ್ತದೆ.

ಸದ್ಯ ಜಪಾನಿನ ಬೆಳಗಿನ ಡ್ರಾಮಾಗಳ ಪರೀಕ್ಷೆ ನಡೆದಿದೆ. ಅಲ್ಲಿನ ಎನ್‌ಎಚ್‌ಕೆ ಟಿವಿಯವರ ಈ ಡ್ರಾಮಾಗಳ ಒಂದು ಎಪಿಸೋಡ್ 15 ನಿಮಿಷ. ಹೆಸರಾದ 'ಓಶಿನ್' ಕೂಡ ಇದೇ ಅಳತೆಯದು. 1983-84ರಲ್ಲಿ 297 ಎಪಿಸೋಡ್ ಬಂದಿತ್ತು. ಮಗನ ಟ್ಯೂಷನ್ ಬಿಡುವವರೆಗೆ ಗಾಡಿ ಮೇಲೆ ಕೂತು ಕಾಯುವ ಕಾಲು ಗಂಟೆಗೆ ಇಂಥದ್ದೇ ಬೇಕು. ಸಬ್‌ಟೈಟಲ್ ಇರೋದು ಸಿಗೋದೇ ಕಷ್ಟ. ಒಂದು ಸಿಕ್ಕಿದೆ, ಹತ್ತೋ ಹನ್ನೆರಡೋ ಎಪಿಸೋಡ್ ಆಗಿವೆ. ಮುಂದಿನ ಯುಗಾದಿಯೊಳಗೆ ಮುಗಿಸುತ್ತೇನೆ ಅಂತ ನೆಗೆಣ್ಣಿಗೆ ಹೇಳಿದ್ದೇನೆ.