ಸೀತಾಫಲದ ಪಲ್ಪ್ ಧಂದೆ ಮಾಡ್ಬೇಕಂದ್ರ ಮಷೀನ್ ಕಡಿಂದ ಶುರು ಮಾಡಬ್ಯಾಡ್ರಿ

ನಮ್ಮ ಬೀದರ್ ಕಡಿ ದಸರಾ ಬಂತಂದ್ರ ರೋಡಿನ ಬಾಜು ಬುಟ್ಟಿಗಟ್ಲೆ ಸೀತಾಫಲ ಕುಂತಿರ್ತಾವ, ಮುಂಜಾನೆ ಒಂದು ರೇಟು, ಸಂಜೀಕ ಮೆತ್ತಗಾದ ಮ್ಯಾಲ ಅರ್ಧ ರೇಟು, ಮರುದಿನ ತಿಪ್ಪಿಗೆ. ಇದನ್ನ ನೋಡಿದವರೆಲ್ಲ "ಪಲ್ಪ್, ಅಂದ್ರ ತಿರುಳು, ತೆಗೆದು ಐಸ್‌ಕ್ರೀಮಿನವರಿಗೆ ಮಾರಿದ್ರ ಆಯ್ತಲ್ಲ" ಅಂತಾರ. ನಾನೂ ಹಂಗೇ ಅಂದು ಶುರು ಮಾಡಿದ್ದು. ಆಗ್ತದ, ಆದ್ರ ಪೈಲೇಕ ಮಷೀನ್ ಕೊಂಡವ್ರು ಭಾಳ ಮಂದಿ ಕೈ ಸುಟ್ಟುಕೊಂಡಾರ. ಪೈಲೇಕ ಗಿರಾಕಿ, ಆಮ್ಯಾಲ ಫ್ರೀಜರ್, ಮಷೀನ್ ಕಡೀಕ.

ನಮ್ಮವರಿಗೆ ಹತ್ತಿರದ ದೊಡ್ಡ ಗಿರಾಕಿ ಅಂದ್ರ ಹೈದರಾಬಾದ್, ಬೀದರಿಂದ 140 ಕಿಲೋಮೀಟರ್ ಆಸುಪಾಸು. ಅಲ್ಲಿ ಐಸ್‌ಕ್ರೀಮ್, ಬಾಸುಂದಿ, ಮಿಲ್ಕ್‌ಶೇಕ್ ಮಾಡೋರಿಗೆ ವರ್ಷಪೂರ್ತಿ ಸೀತಾಫಲ ಬೇಕು, ಹಣ್ಣು ಸಿಗೋದು ಮೂರು ತಿಂಗಳು ಅಷ್ಟೇ. ಮೊದಲನೇ ಸಲ ನಾನು ಸ್ಯಾಂಪಲ್ ಒಯ್ದಾಗ "ಭಾಳ ಸಿಹಿ ಅದರಿ ಸಾಹೇಬ್ರ" ಅಂದೆ, ಆ ಗಿರಾಕಿ ನಕ್ಕು "ಮೀಠಾ ಛೋಡೋ ಭಾಯ್, ಬ್ರಿಕ್ಸ್ ಕಿತ್ನಾ ಹೈ ಬೋಲೋ" ಅಂದ, ಅಂದ್ರ ಸಿಹಿ ಮಾತು ಬಿಡು, ಬ್ರಿಕ್ಸ್ (ಸಕ್ಕರಿ ಅಂಶದ ಅಳತಿ) ಎಷ್ಟದ ಹೇಳು ಅಂತ. ನನ್ನ ಹತ್ರ ಉತ್ತರ ಇರಲಿಲ್ಲ. ಮರುದಿನಾನೇ ಬ್ರಿಕ್ಸ್ ಅಳಿಯೋ, ಕೈಯಾಗ ಹಿಡ್ಕೊಳ್ಳೋ ರಿಫ್ರ್ಯಾಕ್ಟೋಮೀಟರ್ ತಗೊಂಡೆ, ಒಂದು ಹನಿ ಪಲ್ಪ್ ಗಾಜಿನ ಮ್ಯಾಲ ಇಟ್ಟು ಬೆಳಕಿಗೆ ಹಿಡಿದ್ರ ನಂಬರ್ ಕಾಣ್ತದ. ಗಿರಾಕಿ ರುಚಿಗೆ ರೊಕ್ಕ ಕೊಡೋದಿಲ್ಲರಿ, ನಂಬರಿಗೆ ಕೊಡ್ತಾನ: ಬ್ರಿಕ್ಸ್, ಪಿಎಚ್ (ಹುಳಿಯ ಅಳತಿ, ನಂಬರ್ ಕಡಿಮಿ ಆದಷ್ಟು ಹುಳಿ ಜಾಸ್ತಿ), ಬಣ್ಣ, ಕರಿ ಚುಕ್ಕಿ ಎಷ್ಟವ, ಬ್ಯಾಕ್ಟೀರಿಯಾ, ಯೀಸ್ಟ್, ಬೂಸ್ಟು ಎಷ್ಟು. ಈ ಬಾರಿ ಹೆಂಗ ಇತ್ತೋ ಮುಂದಿನ ಬಾರೀನೂ ಹಂಗೇ ಇರಬೇಕು.

ಈಗ ಹಣ್ಣಿನ ಮಾತು. ಸಿಪ್ಪಿ ಮ್ಯಾಲಿನ ಕಣ್ಣು ಬಿಚ್ಚಿಕೊಂಡು ಸಂದಿನಾಗ ಬಿಳಿ-ಹಳದಿ ಬಣ್ಣ ಕಂಡ ಹಣ್ಣು ಕಿತ್ತಿ ತರಬೇಕು, ಎರಡು-ಮೂರು ದಿನದಾಗ ತಾನೇ ಮಾಗ್ತದ. ಕಾಯಿ ಇದ್ದಾಗ ಫ್ರಿಜ್ಜಿನಾಗ ಇಟ್ಟು ತಡೀತೀನಿ ಅಂದ್ರ ಆಗೋದಿಲ್ಲ, ಥಂಡಿಗೆ ಸಿಪ್ಪಿ ಕರಿ ಆಗ್ತದ, ಒಳಗ ಸರಿಯಾಗಿ ಮಾಗೋದೂ ಇಲ್ಲ. ಅಂದ್ರ ಇವತ್ತು 500 ಕಿಲೋ ಮಾಗಿತಂದ್ರ ಇವತ್ತೇ ಬಿಚ್ಚಬೇಕು, ಮನ್ಯಾಗ ಮದುವಿ ಇರಲಿ ಜಾತ್ರಿ ಇರಲಿ. ಕಾರ್ಬೈಡ್ ಹಾಕಿ ಮಾಗಿಸೋದು ಕಾನೂನಿನಾಗ ಬಂದ್ ಅದ, ಆ ದಾರಿಗೆ ಹೋಗಲೇಬ್ಯಾಡ್ರಿ.

ತೊಳೆದು, ಒಡೆದು, ಚಮಚದಿಂದ ತಿರುಳು ತೆಗೀಬೇಕು. ಸಿಪ್ಪಿಗೆ ಹತ್ತಿದ ಉಸುಕಿನಂಥ ಹರಳು ಕೆರೀಬ್ಯಾಡ್ರಿ, ಆ ಭಾಗಾನೇ ಬಾಯಾಗ ಕರ್ ಕರ್ ಅಂತದ, ಬಣ್ಣಾನೂ ಅಲ್ಲಿಂದಲೇ ಜಲ್ದಿ ಕೆಡ್ತದ. ಬೀಜ ಬೇರೆ ಮಾಡಾಕ ಪಲ್ಪರ್ ಸಿಗ್ತದ, ಆದ್ರ ಸೀತಾಫಲದ ಬೀಜ ವಿಷ, ಒಡೀತಂದ್ರ ಆ ಬ್ಯಾಚ್ ಪೂರಾ ಚೆಲ್ಲಬೇಕು, ಅದಕ್ಕ ರಬ್ಬರ್ ಬ್ರಷ್ ಇರೋ ಪಲ್ಪರ್ ಸಣ್ಣ ಸ್ಪೀಡಿಗೆ ಓಡಿಸ್ರಿ. ಬೀಜದ ಪುಡಿ ಕಣ್ಣಿಗೆ ಬಿದ್ರ ಭಾಳ ತ್ರಾಸು ಅಂತ ಕೆಲಸದ ಹೆಣ್ಮಕ್ಕಳಿಗೆ ಮೊದಲೇ ಹೇಳ್ರಿ. ತಿರುಳು ಗಾಳಿಗೆ ಬಿಟ್ರ ಅರ್ಧ ತಾಸಿನಾಗ ಕೆಂಪು ತಿರುಗಾಕ ಶುರು, ಅದಕ್ಕ ನಾವು ಕಿಲೋ ಪಲ್ಪಿಗೆ 1 ಗ್ರಾಂ ಆಸ್ಕಾರ್ಬಿಕ್ ಆಸಿಡ್, ಅಂದ್ರ ವಿಟಮಿನ್ ಸಿ, ಕೂಡಸ್ತೀವಿ, ಲೇಬಲ್ ಮ್ಯಾಲೂ ಬರೀತೀವಿ.

ಎಲ್ಲಾ ಹಣ್ಣಿಗಿಂತ ಇದರ ತಲೆನೋವು ಏನಂದ್ರ, ಕುದಿಸಾಕ ಬರೋದಿಲ್ಲ. ಮಾವಿನ ಪಲ್ಪ್ ಬಿಸಿ ಮಾಡಿ ಡಬ್ಬಿ ತುಂಬಿ ಇಟ್ರ ಮುಗೀತು, ಸೀತಾಫಲ ಬಿಸಿ ತಾಗಿದ್ರ ಕಹಿ ಆಗ್ತದ. ಅದಕ್ಕ ಫ್ರೀಜ್ ಒಂದೇ ದಾರಿ, ಮತ್ತ ಫ್ರೀಜಿಂಗ್ ಬ್ಯಾಕ್ಟೀರಿಯಾ ಕೊಲ್ಲೋದಿಲ್ಲ, ಮಲಗಸ್ತದ ಅಷ್ಟೇ, ಸ್ವಚ್ಛ ಅನ್ನೋದು ಕೈಯಿಂದಲೇ, ಚಮಚದಿಂದಲೇ ಶುರು ಆಗಬೇಕು.

ಮೊದಲನೇ ವರ್ಷ ನಾನು ಮಾಡಿದ ದಡ್ಡತನ ಕೇಳ್ರಿ. ಕಿರಾಣಿ ಅಂಗಡ್ಯಾಗ ಇರ್ತಾವಲ್ಲ, ಆ ಡೀಪ್ ಫ್ರೀಜರ್ ಎರಡು ತಂದೆ, 20 ಕಿಲೋ ಬಕೀಟಿನಾಗ ಪಲ್ಪ್ ತುಂಬಿ ಒಳಗ ಇಟ್ಟೆ. ಮೂರನೇ ದಿನ ಒಂದು ಬಕೀಟಿಗೆ ಚಾಕು ಚುಚ್ಚಿದ್ರ ಮ್ಯಾಲ ಕಲ್ಲು, ನಡುವ ಇನ್ನಾ ಗಂಜಿ, ಸಣ್ಣ ಸಣ್ಣ ಗುಳ್ಳಿ ಏಳಾಕತ್ತಿದ್ವು, ಹುಳಿ ವಾಸನಿ. ಹತ್ತು ಬಕೀಟು ಹೋದವು. ಡೀಪ್ ಫ್ರೀಜರ್ ಇರೋದು ಗಟ್ಟಿಯಾದ ಮಾಲು ಗಟ್ಟಿಯಾಗೇ ಇಡಾಕ, ಹಸಿ ಮಾಲು ಗಟ್ಟಿ ಮಾಡಾಕ ಅಲ್ಲ. ಈಗ 1 ಕಿಲೋ ಪೌಚು ಎರಡು ಬೆರಳು ದಪ್ಪ ಚಪ್ಪಟೆ ಮಾಡಿ, ಟ್ರೇದಾಗ ಒಂದಕ್ಕೊಂದು ತಾಗದಂಗ ಇಟ್ಟು, ಮೈನಸ್ 30 ಡಿಗ್ರಿಗಿಂತ ತಂಪಿರೋ ಬ್ಲಾಸ್ಟ್ ಫ್ರೀಜರಿನಾಗ (ಥಂಡಿ ಗಾಳಿ ಜೋರಾಗಿ ಬೀಸಿ ಜಲ್ದಿ ಗಟ್ಟಿ ಮಾಡೋದು) ಗಟ್ಟಿ ಮಾಡಿ, ಆಮ್ಯಾಲ ಮೈನಸ್ 18 ಡಿಗ್ರಿ ಸ್ಟೋರೇಜಿಗೆ ಹಾಕ್ತೀವಿ. ಬ್ಲಾಸ್ಟ್ ಫ್ರೀಜರ್ ಕೊಳ್ಳಾಕ ಆಗಲಿಲ್ಲಂದ್ರ ಕೋಲ್ಡ್ ಸ್ಟೋರೇಜಿನವರ ಹತ್ರ ಬಾಡಗಿಗೆ ಕೇಳ್ರಿ. ಜನರೇಟರ್ ಇಲ್ಲದೆ ಮಾತ್ರ ಈ ಕೆಲಸಕ್ಕ ಇಳೀಬ್ಯಾಡ್ರಿ.

ಲೆಕ್ಕಾ ಹಿಂಗ ಹಾಕ್ರಿ. ನಮ್ಮ ಗುಡ್ಡದ ಸಣ್ಣ ಹಣ್ಣಿನಾಗ 100 ಕಿಲೋಕ್ಕ 36 ಕಿಲೋ ಪಲ್ಪ್ ಬಂದ್ರ ನನಗ ಖುಷಿ. ಹಣ್ಣು ಕಿಲೋ 30 ರೂಪಾಯಿ ಅಂತ ಹಿಡಿದ್ರ ಪಲ್ಪಿನಾಗ ಬರೇ ಹಣ್ಣಿಂದೇ 83 ರೂಪಾಯಿ ಕುಂತಿತು, ಅದರ ಮ್ಯಾಲ ಕೂಲಿ, ಪೌಚು, ಕರೆಂಟ್, ತಿಂಗಳು ತಿಂಗಳು ಸ್ಟೋರೇಜ್ ಬಾಡಗಿ, ಗಾಡಿ. "30ರ ಹಣ್ಣು, 100ಕ್ಕ ಮಾರಿದ್ರ ಮೂರು ಪಟ್ಟು ಲಾಭ" ಅಂತ ಕುಣಿಯೋರಿಗೆ ಇದೇ ಲೆಕ್ಕ ತೋರಿಸ್ರಿ.

ಸೀತಾಫಲ ಮುಗಿದ ಮ್ಯಾಲ ಪ್ಯಾರಲಹಣ್ಣು, ಪಪ್ಪಾಯಿ ಮಾಡಬಹುದು, ಇವು ಬಿಸಿ ತಡೀತಾವ. ಪ್ಯಾರಲಕ್ಕ ಪಲ್ಪರಿನ ಎರಡನೇ ಜಾಳಗಿ ಸಣ್ಣದು, 0.5 ಮಿಲಿಮೀಟರ್ ಆಸುಪಾಸು, ಇರಲಿ, ಇಲ್ಲಂದ್ರ ಹರಳು ಉಳೀತಾವ. ಪಪ್ಪಾಯಿ ಜರಾ ಮೋಸಗಾರ ಹಣ್ಣು, ಹುಳಿ ಇಲ್ಲ, ಪಿಎಚ್ 5ರ ಮ್ಯಾಲೇ ಇರ್ತದ, ಹಂಗೇ ಡಬ್ಬಿ ತುಂಬಿದ್ರ ಬೊಟುಲಿನಮ್ ಅನ್ನೋ, ಜೀವ ತೆಗೆಯೋ ವಿಷ ಮಾಡೋ ಬ್ಯಾಕ್ಟೀರಿಯಾ ಬೆಳೆಯೋ ಅಪಾಯ ಅದ. ಸಿಟ್ರಿಕ್ ಆಸಿಡ್ ಹಾಕಿ ಪಿಎಚ್ 4.6ಕ್ಕಿಂತ ಚೆನ್ನಾಗಿ ತೆಳಗ ತಂದೇ ಪಾಶ್ಚರೈಸ್ ಮಾಡ್ರಿ (ಕೀಟಾಣು ಸಾಯೋಹಂಗ ಬಿಸಿ ಮಾಡೋದು), ಮೀಟರಿನಿಂದ ಅಳೀರಿ, ನಾಲಿಗಿಯಿಂದ ಅಲ್ಲ. ಇದನ್ನ ಕಲಿಯಾಕ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದ್ರ ಸಿಎಫ್‌ಟಿಆರ್‌ಐ ತರಬೇತಿ ಕೊಡ್ತದ, ಬೀದರಿನಾಗ ತೋಟಗಾರಿಕಾ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಎರಡೂ ಅವ, ಹೋಗಿ ಕೇಳ್ರಿ.

ಕಾಗದ ಪತ್ರದ್ದು: ಆಹಾರ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಇಲ್ಲದೆ ಒಂದು ಪೌಚೂ ಹೊರಗ ಹೋಗಬಾರದು, ಜಿಎಸ್‌ಟಿ ಬೇಕು, ಬ್ಯಾಚಿಗೊಂದು ಲ್ಯಾಬ್ ರಿಪೋರ್ಟ್ ಬೇಕು. ಕುದಿಸಿದ ಪ್ಯೂರಿ, ಕುದಿಸದೆ ಹಸೀದೇ ಫ್ರೀಜ್ ಮಾಡಿದ್ದು ಎರಡಕ್ಕೂ ತೆರಿಗಿ ಲೆಕ್ಕಕ್ಕ ಮಾಲಿಗೆ ಕೊಡೋ ಎಚ್‌ಎಸ್‌ಎನ್ ಕೋಡ್ ಬ್ಯಾರೆ ಬ್ಯಾರೆ, ಮೊದಲನೇ ಬಿಲ್ಲಿಗೆ ಮುಂಚೆ ಸಿಎ ಹತ್ರ ಕುಂತು ಬಗೆಹರಿಸ್ಕೊಳ್ಳ್ರಿ. ಸಬ್ಸಿಡಿಗೆ 2020ರಾಗ ಸಣ್ಣ ಆಹಾರ ಘಟಕಗಳಿಗಂತ ಬಂದ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಸ್ಕೀಮಿನ ಈಗಿನ ಸ್ಥಿತಿ ಕೃಷಿ ಇಲಾಖೆದಾಗ ವಿಚಾರಿಸ್ರಿ, ಆದ್ರ ಸಬ್ಸಿಡಿ ನಂಬಿ ಲೆಕ್ಕ ಹಾಕಬ್ಯಾಡ್ರಿ.

ಕಳಿಸೋದು ರೀಫರ್ ಗಾಡಿಯಾಗೇ, ಅಂದ್ರ ಫ್ರೀಜರ್ ಇರೋ ಗಾಡಿಯಾಗೇ. ಐಸ್ ತುಂಬಿದ ಥರ್ಮಾಕೋಲ್ ಡಬ್ಬಿಯಾಗ ಕಳಿಸಿ ಒಮ್ಮೆ ಕರಗಿ ಮತ್ತ ಗಟ್ಟಿಯಾಯ್ತಂದ್ರ ನೀರು ಒಂದು ಕಡಿ, ತಿರುಳು ಒಂದು ಕಡಿ. ಉದ್ರಿ 30 ದಿನ, 45 ದಿನ ಕೇಳ್ತಾರ, ಹೊಸ ಗಿರಾಕಿ ಇದ್ರ ಅರ್ಧ ರೊಕ್ಕ ಮೊದಲೇ ತಗೊಳ್ಳ್ರಿ, ನಾಚಿಕಿ ಬ್ಯಾಡ. ಮತ್ತ ಪ್ರತಿ ಬ್ಯಾಚಿಂದು ಎರಡು ಪೌಚು ನಿಮ್ಮ ಹತ್ರಾನೇ ಇಟ್ಕೊಳ್ಳ್ರಿ. ಹೋದ ವರ್ಷ ಮಾರ್ಚಿನಾಗ ಒಬ್ಬ ಗಿರಾಕಿ ಫೋನ್ ಹಚ್ಚಿ "ಮಾಲು ಕೆಂಪಾಗೇದ, ರೊಕ್ಕ ಕೊಡೋದಿಲ್ಲ" ಅಂದ, ಅದೇ ಬ್ಯಾಚಿನ ಪೌಚು ಒಡೆದು ವಿಡಿಯೋ ಮಾಡಿ ಕಳಿಸಿದೆ, ಹಾಲಿನಂಗ ಬೆಳ್ಳಗಿತ್ತು. ಎರಡು ದಿನ ಬಿಟ್ಟು ಅವನೇ ಹೇಳಿದ, ಅವರ ಫ್ರೀಜರ್ ರಾತ್ರಿ ಬಂದ್ ಬಿದ್ದಿತ್ತಂತ.